ರಿಕವರಿ ಅಣ್ಣ ಓಡಿಸಿದ ಮಿಲಿಟರಿ ಗಾಡಿ

೧೯೮೨ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ಕ್ಲಾಸಿನ ಅರ್ಧದಲ್ಲಿ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಪುಸ್ತಕ ತೆರೆದರೆ ನಿದ್ದೆ ಬರುತ್ತಿತ್ತು. ಉಡುಪಿಯಲ್ಲಿ ಲೈನ್ ಬಸ್ಸುಗಳ ಗ್ಯಾರೇಜಿನಲ್ಲಿ ಯಾರಾದರೂ ಇಂಜಿನ್ ಬಿಚ್ಚಿ ಹರಡಿದರೆ ಹಸಿವೆ ಕೂಡ ಮರೆತುಹೋಗುತ್ತಿತ್ತು. ಹಾಗಾಗಿ ನನ್ನ ವಿದ್ಯೆಯೆಲ್ಲ ಮೂಗಿನಿಂದ, ಕಿವಿಯಿಂದ, ಬೆರಳ ತುದಿಯಿಂದ ಬಂದದ್ದು. ಈಗ ಅದರ ಬಗ್ಗೆ ನಾಚಿಕೆಯಿಲ್ಲ. ಒಂದು ಕಾಲದಲ್ಲಿ ಇತ್ತು.

ಹೋದ ತಿಂಗಳು ಒಬ್ಬರು ದುಬೈಯ ನನ್ನ ಗ್ಯಾರೇಜಿಗೆ ಒಂದು ಹಳೇ ಜೀಪು ಎಳೆಸಿಕೊಂಡು ಬಂದರು. ಮನೆಯ ಹಿಂದೆ ವರ್ಷಗಟ್ಟಲೆ ನಿಂತದ್ದಂತೆ. ಟ್ಯಾಂಕಿನ ಮುಚ್ಚಳ ತೆಗೆದೆ, ಗಪ್ಪನೆ ಮುಖಕ್ಕೆ ಹೊಡೆಯಿತು ಕೊಳೆತ ಪೆಟ್ರೋಲಿನ ವಾಸನೆ. ಪೆಟ್ರೋಲು ಕೊಳೆಯುತ್ತದಾ ಎಂದು ನಗಬೇಡಿ, ಕೊಳೆಯುತ್ತದೆ. ತುಂಬ ವರ್ಷ ನಿಂತರೆ ಅದಕ್ಕೆ ಪೆಟ್ರೋಲಿನ ವಾಸನೆಯೇ ಇರುವುದಿಲ್ಲ; ಹಳೆಯ ವಾರ್ನಿಶ್ ಡಬ್ಬಿಗೆ ಯಾರೋ ಹುಳಿ ಮಜ್ಜಿಗೆ ಸುರಿದಿಟ್ಟ ಹಾಗೆ. ನನ್ನ ಕೆಲಸದವರು ಮೂಗು ಮುಚ್ಚಿಕೊಂಡು ಆಚೆ ಸರಿದರು. ನಾನು ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಆ ವಾಸನೆಯನ್ನು ಅಷ್ಟು ಗಟ್ಟಿಯಾಗಿ ನಾನು ಬದುಕಿನಲ್ಲಿ ಒಮ್ಮೆ ಮಾತ್ರ ಕುಡಿದದ್ದು. ಆಗ ನನ್ನ ಪಕ್ಕದಲ್ಲಿ ನಿಂತು, "ಏನ್ ತಮ್ಮಾ, ಇದು ಮಿಲಿಟ್ರಿ ಗಾಡಿನೋ ಕೋಳಿಗೂಡೋ?" ಎಂದು ಕೇಳಿದವನು ರಿಕವರಿ ಅಣ್ಣ...

ಅವನು ನಾನು ಇಲ್ಲಿ ಮೊದಲು ಕೆಲಸಕ್ಕಿದ್ದ ಗ್ಯಾರೇಜಿನ ರಿಕವರಿ ಗಾಡಿಯ ಡ್ರೈವರ್. ದಾರಿಯಲ್ಲಿ ಕೆಟ್ಟುನಿಂತ ಕಾರುಗಳನ್ನು ತನ್ನ ಉದ್ದ ಬೆನ್ನಿನ ಲಾರಿಯ ಮೇಲೆ ಎಳೆದು ಹಾಕಿಕೊಂಡು ಬರುವುದು ಅವನ ಕೆಲಸ. ಬಾಗಲಕೋಟೆ ಕಡೆಯವನು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ ಕೂಸ್ ಪ್ರದೇಶದ ಆ ಗ್ಯಾರೇಜಿಗೆ ಮೆಕ್ಯಾನಿಕ್ ಆಗಿ ಸೇರಿದಾಗ ಅಲ್ಲಿದ್ದ ಕನ್ನಡದವನು ಅವನೊಬ್ಬನೇ. ಉಳಿದವರು ಮಲಯಾಳಿಗಳು, ಪಠಾಣರು. ನನ್ನ ಮನೆಮಾತು ತುಳು, ಅವನದು ಆ ಕಡೆಯ ಗಂಡು ಕನ್ನಡ. ಮೊದಲ ಒಂದು ವಾರ ಅವನು ನನ್ನನ್ನು ಬೈಯುತ್ತಿದ್ದಾನೋ ಊಟಕ್ಕೆ ಕರೆಯುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಊಟಕ್ಕೇ ಕರೆಯುತ್ತಿದ್ದದ್ದು. ಗ್ಯಾರೇಜಿನ ಮೇಲಿನ ರೂಮಿನಲ್ಲಿ ನಾವಿಬ್ಬರೂ ಒಂದೇ ಎರಡಂತಸ್ತಿನ ಕಬ್ಬಿಣದ ಮಂಚದ ಮೇಲೊಬ್ಬ ಕೆಳಗೊಬ್ಬ ಮಲಗುವವರು. ಶುಕ್ರವಾರ ರಜೆಯ ದಿನ ಅವನು ಊರಿನಿಂದ ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದ. ನಾನು ದೇರಾ ಮಾರ್ಕೆಟ್ಟಿನಿಂದ ಬಂಗುಡೆ ತಂದು ಸಾರು ಮಾಡುತ್ತಿದ್ದೆ. ಅವನು ಮೀನು ಮುಟ್ಟುವವನಲ್ಲ. ಆದರೂ ನನ್ನ ಪಾತ್ರೆ ಸ್ಟವ್ವಿನ ಮೇಲಿದ್ದರೆ ಮುಖ ಸಿಂಡರಿಸಿದ್ದು ನೋಡಿಲ್ಲ. "ನಿನ್ನ ಸಮುದ್ರ ಆ ಕಡೆ ಇಟ್ಕೊ" ಎಂದು ನಗುತ್ತಿದ್ದ, ಅಷ್ಟೆ.

ಅಂಥ ಒಂದು ಶುಕ್ರವಾರ ರೊಟ್ಟಿ ಬಡಿಯುತ್ತ ಅವನು ತನ್ನ ಕಥೆ ಹೇಳಿದ. ಪ್ರಾಯದಲ್ಲಿ ಅವನಿಗೆ ಮಿಲಿಟರಿ ಸೇರುವ ಹುಚ್ಚು. ಬೆಳಗಾವಿಯ ಭರ್ತಿಗೆ ಹೋಗಿ ಓಟದಲ್ಲಿ ಗೆದ್ದಿದ್ದನಂತೆ, ಹಗ್ಗ ಹತ್ತಿದ್ದನಂತೆ, ಕೊನೆಗೆ ಟೇಪು ಹಿಡಿದು ಎದೆ ಅಳೆದಾಗ ಕಡಿಮೆ ಬಿತ್ತು. "ಒಂದ ಬಟ್ಟ್ ನೋಡ ತಮ್ಮಾ, ಒಂದ ಬಟ್ಟ್ ಕಮ್ಮಿ. ಇಲ್ಲಂದ್ರ ಇವತ್ತ ನಾ ಹವಾಲ್ದಾರ, ನೀ ನನಗ ಸೆಲ್ಯೂಟ್ ಹೊಡೀತಿದ್ದಿ." ಹೇಳಿ ತನ್ನ ಎದೆಯ ಮೇಲೆ ಹಿಟ್ಟಿನ ಕೈಯಲ್ಲೇ ತಟ್ಟಿಕೊಂಡ. ಬನಿಯನ್ನಿನ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು.

ಅವನು ಅಷ್ಟು ಬಿಚ್ಚಿ ಹೇಳಿದ ಮೇಲೆ ನಾನೂ ಹೇಳಿದೆ. ಗ್ಯಾರೇಜಿನಲ್ಲಿ ಎಲ್ಲರೂ ನನ್ನನ್ನು ಐಟಿಐ ಪಾಸಾದವನು ಎಂದು ತಿಳಿದಿದ್ದರು. ನಾನೇ ಹಾಗೆ ತಿಳಿಯಲು ಬಿಟ್ಟಿದ್ದೆ. ಒಬ್ಬ ಮಲಯಾಳಿ ಮೊದಲ ದಿನ ಕೇಳಿದಾಗ ಸುಮ್ಮನೆ ತಲೆ ಆಡಿಸಿದ್ದು, ಆಮೇಲೆ ಅದೇ ನಿಂತಿತು. ಎಂಟನೇ ಕ್ಲಾಸು ಸಹ ಮುಗಿಸಿಲ್ಲ ಎಂದು ನಾನು ದುಬೈಯಲ್ಲಿ ಬಾಯಿಬಿಟ್ಟು ಹೇಳಿದ್ದು ರಿಕವರಿ ಅಣ್ಣನ ಹತ್ತಿರ ಮಾತ್ರ. ಅವನು ರೊಟ್ಟಿ ತಿರುವಿ ಹಾಕಿ, "ಅದಕ್ಕೇನಾತು" ಎಂದಿದ್ದ.

ನಮ್ಮ ಗ್ಯಾರೇಜಿನ ಯಜಮಾನ ಒಬ್ಬ ಅರಬ್ಬಿ. ಎಲ್ಲರೂ ಅರ್ಬಾಬ್ ಎನ್ನುತ್ತಿದ್ದೆವು, ಅಂದರೆ ಧಣಿ. ಅರವತ್ತರ ಹತ್ತಿರದ ಮನುಷ್ಯ, ಕಡಿಮೆ ಮಾತು. ಎಮಿರೇಟುಗಳೆಲ್ಲ ಸೇರಿ ಒಂದು ದೇಶವಾಗುವ ಮೊದಲು, ಬ್ರಿಟಿಷರ ಕೈಕೆಳಗಿನ ಪಡೆಯಲ್ಲಿ ಅವರು ಡ್ರೈವರ್ ಆಗಿದ್ದರು. ಆಗ ಅವರು ಓಡಿಸುತ್ತಿದ್ದ ಜಾತಿಯದೇ ಒಂದು ಉಕ್ಕಿನ ಗಾಡಿಯನ್ನು ಎಲ್ಲಿಂದಲೋ ಗುಜರಿ ಬೆಲೆಗೆ ತಂದು ಊರಾಚೆ ಖವಾನೀಜಿನ ತಮ್ಮ ತೋಟದಲ್ಲಿ ನಿಲ್ಲಿಸಿಕೊಂಡಿದ್ದರು. ನಿಲ್ಲಿಸಿದ್ದು ನಿಂತೇ ಹೋಯಿತು. ಆ ವರ್ಷ ಸೆಕೆ ಮುಗಿಯುವ ಹೊತ್ತಿಗೆ ಅವರಿಗೆ ಏನನ್ನಿಸಿತೋ, ನ್ಯಾಷನಲ್ ಡೇ ದಿನ ತಮ್ಮ ಹಳೆಯ ಜೊತೆಗಾರರನ್ನು ತೋಟಕ್ಕೆ ಕರೆದು ಅದನ್ನು ಓಡಿಸಿ ತೋರಿಸಬೇಕು ಎಂದರು. ನ್ಯಾಷನಲ್ ಡೇ ಡಿಸೆಂಬರ್ ಎರಡಕ್ಕೆ. ಎರಡು ತಿಂಗಳು ಸಮಯವಿತ್ತು.

ರಿಕವರಿ ಅಣ್ಣ ಹೋಗಿ ಅದನ್ನು ಹೊತ್ತು ತಂದ. ಅವನ ಲಾರಿಯ ಬೆನ್ನಿನ ಮೇಲೆ ಬಂದ ಅದನ್ನು ನೋಡಿ ಇಡೀ ಗ್ಯಾರೇಜು ಕೆಲಸ ಬಿಟ್ಟು ನಿಂತಿತು. ನಾಲ್ಕು ಚಕ್ರದ, ಎದೆಯೆತ್ತರದ ಉಕ್ಕಿನ ಪೆಟ್ಟಿಗೆ. ಮುಂದೆ ಒಬ್ಬ ಡ್ರೈವರ್ ಮಾತ್ರ ಕೂರುವಷ್ಟು ಜಾಗ, ಅವನ ಬೆನ್ನಿಗೆ ಇನ್ನೊಬ್ಬ ನಿಲ್ಲುವ ಜಾಗ, ಅದರ ಹಿಂದೆ ಇಂಜಿನ್. ಮೇಲೆ ಚಾವಣಿಯಿಲ್ಲ, ಬೋಗುಣಿಯ ಹಾಗೆ ತೆರೆದದ್ದು. ತೋಟದ ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿ ಹೋಗಿದ್ದವು, ಆಡುಗಳು ಏರಿ ಬಣ್ಣ ಕೆರೆದಿದ್ದವು. ಆಗಲೇ ನಾನು ಟ್ಯಾಂಕಿನ ಮುಚ್ಚಳ ತೆಗೆದದ್ದು, ಆ ವಾಸನೆ ಬಂದದ್ದು, ಅಣ್ಣ ಕೋಳಿಗೂಡಿನ ಮಾತು ಹೇಳಿದ್ದು.

"ಆಗುತ್ತದಾ?" ಎಂದು ಅರ್ಬಾಬ್ ನನ್ನನ್ನೇ ಕೇಳಿದರು. ಫೋರ್ಮನ್ನನ್ನು ಕೇಳಲಿಲ್ಲ. ನಾನು ಆಗುತ್ತದೆ ಎಂದೆ. ಅಂಥ ಇಂಜಿನ್ನನ್ನು ನಾನು ಕನಸಿನಲ್ಲೂ ನೋಡಿರಲಿಲ್ಲ. ಆದರೆ ಎಲ್ಲರೆದುರು ಕೇಳಿದ ಮೇಲೆ ಆಗುವುದಿಲ್ಲ ಎನ್ನುವ ಬಾಯಿ ನನಗೆ ಇರಲಿಲ್ಲ, ಈಗಲೂ ಇಲ್ಲ.

ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಪಿಸ್ಟನ್ನುಗಳು ಕಚ್ಚಿಕೊಂಡು ಕಲ್ಲಾಗಿದ್ದವು. ಬಲವಂತ ಮಾಡಿದರೆ ಮುರಿಯುತ್ತದೆ. ಊರಿನ ಬಸ್ ಗ್ಯಾರೇಜಿನಲ್ಲಿ ನೋಡಿದ ಹಾಗೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಒಂದೊಂದು ತೂತಿಗೂ ಡೀಸೆಲ್ ಮತ್ತು ತೆಳ್ಳನೆಯ ಗೇರ್ ಎಣ್ಣೆ ಬೆರೆಸಿ ಹೊಯ್ದೆ. ಆಮೇಲೆ ಕಾಯುವುದೇ ಕೆಲಸ. ದಿನಾ ಸಂಜೆ ಇಂಜಿನ್ನಿನ ಪುಲ್ಲಿಯ ನಟ್ಟಿಗೆ ಉದ್ದ ಪಾನೆ ಹಾಕಿ, ಒಂದು ಕೂದಲೆಳೆಯಷ್ಟಾದರೂ ತಿರುಗುತ್ತದಾ ಎಂದು ಒತ್ತಿ ನೋಡುವುದು. ಆ ಕೆಲಸವನ್ನು ರಿಕವರಿ ಅಣ್ಣ ತಾನೇ ಮೈಮೇಲೆ ಹಾಕಿಕೊಂಡ. ದಿನವಿಡೀ ಬಿಸಿಲಿನಲ್ಲಿ ಕಾರು ಎಳೆದು ಬಂದವನು ಮುಖ ಸಹ ತೊಳೆಯದೆ ಪಾನೆ ಹಿಡಿಯುತ್ತಿದ್ದ. ಆಮೇಲೆ ಚಹಾದ ಗ್ಲಾಸು ಹಿಡಿದು ಡ್ರೈವರ್ ಸೀಟಿನಲ್ಲಿ ಇಳಿದು ಕೂರುತ್ತಿದ್ದ. ಸ್ಟೀರಿಂಗು ನಮ್ಮ ಗಾಡಿಗಳ ಹಾಗಲ್ಲ, ಉಲ್ಟಾ ವಾಲಿಸಿ ಕೂರಿಸಿದ ಹಾಗೆ, ತೊಡೆಗೆ ತಾಗುವಷ್ಟು ಹತ್ತಿರ. ಎದುರಿನ ಸಣ್ಣ ಕಿಂಡಿಯಿಂದ ಗ್ಯಾರೇಜಿನ ಗೋಡೆಯನ್ನು ನೋಡುತ್ತ, "ದುಶ್ಮನ್ ಕಾಣವಲ್ರಪಾ" ಎನ್ನುತ್ತಿದ್ದ. ಪಠಾಣರು ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಸಂಜೆ ನಾನು ಬೇರೆ ಕಾರಿನ ಅಡಿಯಲ್ಲಿದ್ದೆ. "ತಮ್ಮಾ!" ಎಂದು ಕಿರುಚಿದ. ಏನೋ ಕೈಗೆ ಹೊಡೆದುಕೊಂಡನೆಂದು ಓಡಿ ಬಂದೆ. ಪಾನೆಯ ಮೇಲೆ ಬಗ್ಗಿ ಅಲ್ಲಾಡದೆ ನಿಂತಿದ್ದ, ಅಲ್ಲಾಡಿದರೆ ಎಲ್ಲಿ ಸುಳ್ಳಾಗುತ್ತದೋ ಎಂಬಂತೆ. "ಹಂದಾಡ್ತು" ಎಂದ ಮೆಲ್ಲಗೆ. ನಾನೂ ಕೈ ಕೊಟ್ಟೆ. ಹೌದು, ಒಳಗೆ ಏನೋ ಬಿಟ್ಟುಕೊಟ್ಟಿತು...

ಆಮೇಲಿನದು ನನ್ನ ಕೆಲಸ. ಹಿಡಿದ ವಾಲ್ವುಗಳನ್ನು ಮರದ ಕೊಡತಿಯಿಂದ ತಟ್ಟಿ ಬಿಡಿಸಿದೆ. ನೀರಿನ ಪಂಪಿನ ಗ್ಯಾಸ್ಕೆಟ್ ದೇರಾದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ದಪ್ಪ ಕಾಗದವನ್ನು ಪಂಪಿನ ಬಾಯಿಯ ಮೇಲಿಟ್ಟು ಗುಂಡು ತಲೆಯ ಸುತ್ತಿಗೆಯಲ್ಲಿ ಅಂಚು ಹಿಡಿದು ತಟ್ಟಿ ತಟ್ಟಿ ಕತ್ತರಿಸಿದೆ. ಟ್ಯಾಂಕಿನ ತುಕ್ಕು ತೊಳೆದಷ್ಟೂ ಮುಗಿಯಲಿಲ್ಲ. ಪ್ಲಾಸ್ಟಿಕ್ ಕ್ಯಾನೊಂದನ್ನು ಮೇಲೆ ಕಟ್ಟಿ ಪೈಪಿನಲ್ಲಿ ಪೆಟ್ರೋಲು ಬಿಟ್ಟೆ. ಲಾರಿಯ ಎರಡು ಬ್ಯಾಟರಿ ಜೋಡಿಸಿ ಮೊದಲ ಸಲ ಸೆಲ್ಫ್ ಕೊಟ್ಟ ದಿನ ಒಂದು ಸಿಲಿಂಡರ್ ಕೆಮ್ಮಿತು, ಮತ್ತೊಂದು ಸೇರಿತು, ನೀಲಿ ಹೊಗೆ ಗ್ಯಾರೇಜು ತುಂಬಿತು. ಆಮೇಲೆ ಆರೂ ಒಟ್ಟಿಗೆ ಹಿಡಿದಾಗ ಬಂದ ಸದ್ದು... ಕೋಣೆಯಲ್ಲಿ ದೊಡ್ಡ ಹೊಲಿಗೆ ಮಿಶನ್ ಓಡಿದ ಹಾಗೆ, ಅಷ್ಟು ನಯ. ಅರ್ಬಾಬ್ ಕಣ್ಣು ಒರೆಸಿಕೊಂಡರು. ಹೊಗೆಗೆ ಎಂದರು.

ಮಾರನೆಯ ದಿನ ಅರ್ಬಾಬ್ ನನ್ನನ್ನು ಆ ಸೀಟಿನಲ್ಲಿ ಕೂರಿಸಿ ಅದನ್ನು ನಡೆಸುವ ಕ್ರಮ ಹೇಳಿಕೊಟ್ಟರು. ರಿಕವರಿ ಅಣ್ಣ ಅವತ್ತು ಅಬುಧಾಬಿ ದಾರಿಯಲ್ಲಿ ಕೆಟ್ಟ ವ್ಯಾನು ಎತ್ತಲು ಹೋಗಿದ್ದ. ಆ ಗಾಡಿಗೆ ಕ್ಲಚ್ ಇಲ್ಲ. ಕ್ಲಚ್ ಇರಬೇಕಾದ ಜಾಗದಲ್ಲಿ, ಎಡಗಾಲಿಗೆ, ಒಂದು ಪೆಡಲು ಇದೆ. ಅದು ಗೇರು ಬದಲಿಸುವ ಪೆಡಲು. ಬೇಕಾದ ಗೇರಿಗೆ ಮೊದಲೇ ಕೈಕಂಬಿ ಇಟ್ಟುಕೊಳ್ಳುವುದು, ಆಗ ಏನೂ ಆಗುವುದಿಲ್ಲ. ಆಮೇಲೆ ಆ ಪೆಡಲನ್ನು ನೆಲಕ್ಕೆ ತಾಗುವವರೆಗೆ ಒತ್ತಿ ಬಿಟ್ಟರೆ ಗೇರು ಕೂರುತ್ತದೆ. ಅರ್ಧ ಒತ್ತಿ ಬಿಟ್ಟರೆ ಒಳಗಿನ ದಪ್ಪ ಸ್ಪ್ರಿಂಗು ಪೆಡಲನ್ನು ಇರಬೇಕಾದ ಜಾಗಕ್ಕಿಂತ ಎಷ್ಟೋ ಹಿಂದೆ, ಡ್ರೈವರನ ಮೈಮೇಲೇ ಒದೆಯುತ್ತದೆ. ಅರ್ಬಾಬ್ ತಮ್ಮ ಉದ್ದ ನಿಲುವಂಗಿ ಕಂದೂರವನ್ನು ಎತ್ತಿ ತಮ್ಮ ಮೊಣಕಾಲಿನ ಕೆಳಗಿನ ಹಳೆಯ ಗುರುತು ತೋರಿಸಿದರು. "ನುಸ್ ಮಾಫಿ, ಕುಲ್ಲು ತಹತ್" ಎಂದರು. ಅರ್ಧ ಕೂಡದು, ಪೂರ್ತಿ ಕೆಳಗೆ. ಎರಡೆರಡು ಸಲ ಹೇಳಿಸಿದರು ನನ್ನ ಬಾಯಲ್ಲಿ. ನಾನು ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಗಾಡಿಯನ್ನು ಮುಂದೆ ಹಿಂದೆ ನಡೆಸಿದೆ, ಪ್ರತಿ ಸಲ ನೆಲಕ್ಕೆ ತಾಗಿಸಿ.

ತೋಟದಲ್ಲಿ ಓಡಿಸಬೇಕಾದವನು ನಾನೇ. ಅರ್ಬಾಬರ ಸೊಂಟ ಅದಕ್ಕೆ ಬಗ್ಗುತ್ತಿರಲಿಲ್ಲ. ಅವರು ಹಿಂದಿನ ಜಾಗದಲ್ಲಿ ನಿಲ್ಲುವುದು ಎಂದಾಗಿತ್ತು. ನನಗೆ ಇಲ್ಲಿನ ಲೈಸನ್ಸು ಇರಲಿಲ್ಲ, ರೋಡ್ ಟೆಸ್ಟಿನಲ್ಲಿ ಬೀಳುತ್ತಲೇ ಇದ್ದೆ. ತೋಟದೊಳಗೆ ಅದನ್ನು ಯಾರು ಕೇಳುತ್ತಾರೆ. ಆದರೆ ರಿಕವರಿ ಅಣ್ಣ ಆ ರಾತ್ರಿ ಊಟದ ಹೊತ್ತಿಗೆ ತಟ್ಟೆ ಮುಟ್ಟದೆ ಕೂತ.

"ತಮ್ಮಾ, ಒಂದ ಮಾತ ಕೇಳ್ತೀನಿ, ಇಲ್ಲ ಅನಬ್ಯಾಡ. ಅವತ್ತ ಗಾಡಿ ನಾ ಹೊಡೀತೀನಿ. ಮುದುಕ ಸೋಲ್ಜರ್‌ಗೋಳ ಕುಂತಿರತಾರ... ಅವರ ಮುಂದ ಒಮ್ಮಿ."

ನನಗೆ ಅವನ ಎದೆಯ ಅಳತೆ ನೆನಪಾಯಿತು. ಕೊಟ್ಟೆ. ಕೊಡುವಾಗ ಮನಸ್ಸಿನಲ್ಲಿ ಸಣ್ಣದೊಂದು ದೊಡ್ಡಸ್ತಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಅರ್ಬಾಬರಿಗೆ ನಾನೇ ಹೋಗಿ ಹೇಳಿದೆ. "ಅವನಿಗೆ ಪೆಡಲಿನ ವಿಷಯ ಹೇಳು" ಎಂದರು. ಹೇಳುತ್ತೇನೆ ಎಂದೆ.

ಹೇಳಲು ಹೋದದ್ದು ಮುನ್ನಾದಿನ. ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಕೂತಿದ್ದರು. ಅಣ್ಣ ಗಾಡಿಗೆ ಹಸಿರು ಬಣ್ಣ ಬಳಿದ ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಭಾರೀ ಖುಷಿಯಲ್ಲಿದ್ದ. "ಅಣ್ಣಾ, ಎಡಗಾಲಿನದ್ದು ಕ್ಲಚ್ ಅಲ್ಲ, ಅದನ್ನು ಪೂರ್ತಿ ಒತ್ತಬೇಕು" ಎಂದೆ. ಯಾಕೆ ಎಂದು ಹೇಳುವಷ್ಟರಲ್ಲಿ ಅವನು ಎದ್ದು ನಿಂತ. ಕಳ್ಳನನ್ನು ಹಿಡಿದುಕೊಟ್ಟವನ ಹಾಗೆ ನನ್ನ ಭುಜ ಹಿಡಿದು ಎಲ್ಲರ ಕಡೆ ತಿರುಗಿಸಿದ.

"ಕೇಳಿದ್ರೇನೋ! ರೋಡ್ ಟೆಸ್ಟಿನ್ಯಾಗ ಡುಮ್ಕಿ ಹೊಡದಾಂವ ನನಗ ಕ್ಲಚ್ ಒತ್ತೂದು ಕಲಸಾಕ ಬಂದಾನ. ಎಂಟನೇತ್ತಾ ಮುಗಸಲಿಲ್ಲ, ಆಗಲೇ ಮಾಸ್ತರ ಆಗ್ಯಾನ!"

ಕನ್ನಡದಲ್ಲಿ ಹೇಳಿ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಖುಷಿ ತಡೆಯದೆ ಅದನ್ನೇ ಹಿಂದಿಯಲ್ಲೂ ಹೇಳಿದ, ಎಂಟನೇ ಕ್ಲಾಸಿನದ್ದೂ ಸೇರಿಸಿ. ಎಲ್ಲರೂ ನಕ್ಕರು. ಒಬ್ಬ ಮಲಯಾಳಿ, "ಅಪ್ಪೋ ಐಟಿಐ?" ಎಂದು, ಹಾಗಾದರೆ ಐಟಿಐ ಸುಳ್ಳಾ ಎಂದು, ಕೇಳಿಯೂ ಬಿಟ್ಟ. ಅಣ್ಣನಿಗೆ ಆಗ ಬಾಯಿ ಜಾರಿದ್ದು ಗೊತ್ತಾಯಿತು ಎಂದು ಕಾಣುತ್ತದೆ, ಭುಜದ ಮೇಲಿನ ಕೈ ಸಡಿಲಾಯಿತು. ನಾನು ಕೈ ಕೊಡವಿಕೊಂಡು ಹೊರಗೆ ಹೋದೆ.

ಸಂಜೆ ರೂಮಿನಲ್ಲಿ ಅವನು ನನಗಾಗಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಟ್ಟಿದ್ದ. "ಸಿಟ್ಟಾದಿ ಏನೋ?" ಎಂದ. ಇಲ್ಲ ಎಂದೆ. ರೊಟ್ಟಿ ತಿಂದೆ ಕೂಡ. ಒಂದೇ ಮಂಚದ ಮೇಲೆ ಅವನು, ಕೆಳಗೆ ನಾನು. ಪೆಡಲು ಒದೆಯುತ್ತದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅರ್ಬಾಬರ ಕಾಲಿನ ಗುರುತಿನ ವಿಷಯ ಹೇಳಲು? ನಾಲಿಗೆ ತುದಿಗೆ ಬಂದದ್ದು ಹೌದು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ನಾಳೆ ಎಲ್ಲರೆದುರು ಗಾಡಿ ಜರ್ಕ್ ಹೊಡೆದು ನಿಲ್ಲಲಿ, ಮಂಡಿಗೆ ಒಂದು ಪೆಟ್ಟು ಬೀಳಲಿ, ಆಗ ಮಾಸ್ತರ ಯಾರೆಂದು ಗೊತ್ತಾಗುತ್ತದೆ. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ. ಬಯಸಿರಲಿಲ್ಲ ಎಂಬುದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ...

ಮಾರನೆಯ ದಿನ ಬಿಸಿಲು ಹಿತವಾಗಿತ್ತು. ತೋಟದಲ್ಲಿ ಕೆಂಪು ಜಮಖಾನೆ ಹಾಸಿದ್ದರು, ಅರಬ್ಬರ ಖಹ್ವಾ ಕಾಫಿ, ಖರ್ಜೂರ, ದೊಡ್ಡ ತಟ್ಟೆಗಳಲ್ಲಿ ಹಣ್ಣು. ಅರ್ಬಾಬರ ಹಳೆಯ ಜೊತೆಗಾರರು ಕೋಲು ಊರಿಕೊಂಡು ಬಂದು ಕೂತಿದ್ದರು. ಅರ್ಬಾಬ್ ಹಳೆಯ ಟೋಪಿ ಹಾಕಿಕೊಂಡು, ನಾವು ಸ್ಟೂಲು ಹಿಡಿದು ಹತ್ತಿಸಿದ ಮೇಲೆ, ಹಿಂದಿನ ಜಾಗದಲ್ಲಿ ಎದೆ ಸೆಟೆದು ನಿಂತರು. ಮುಂದೆ ರಿಕವರಿ ಅಣ್ಣ. ಮೀಸೆ ತೀಡಿದ್ದ. ಇಸ್ತ್ರಿ ಮಾಡಿದ ಖಾಕಿ ಅಂಗಿ, ಅದನ್ನು ಯಾವಾಗ ಹೊಲಿಸಿದ್ದನೋ ನನಗೂ ಹೇಳಿರಲಿಲ್ಲ. ನಾನು ಇಂಜಿನ್ ಚಾಲೂ ಮಾಡಿಕೊಟ್ಟು ಪಕ್ಕಕ್ಕೆ ನಿಂತೆ. ಒಮ್ಮೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮೊದಲನೇ ಗೇರಿಗೆ ಜೋರಾಗಿ ಒತ್ತಿದನೋ ಏನೋ, ಸರಿಯಾಗಿ ಕೂತಿತು. ಗಾಡಿ ಹೊರಟಿತು. ಮುದುಕರೆಲ್ಲ ಕೂತಲ್ಲಿಂದಲೇ ಚಪ್ಪಾಳೆ ತಟ್ಟಿದರು. ಒಬ್ಬರು ಎದ್ದು ಸೆಲ್ಯೂಟ್ ಹೊಡೆದರು. ಅದನ್ನು ಅಣ್ಣ ಆ ಕಿಂಡಿಯಿಂದ ನೋಡಿದ್ದಾನೆ, ಅದು ನನಗೆ ಗೊತ್ತು, ಅವನೂ ಸ್ಟೀರಿಂಗಿನಿಂದ ಒಂದು ಕೈ ಎತ್ತಿದ.

ದೊಡ್ಡ ಗಾಫ್ ಮರದ ಹತ್ತಿರ ನೆಲ ಸ್ವಲ್ಪ ಏರು, ಹುಡಿ ಮರಳು. ಮರಳಿನಲ್ಲಿ ಗಾಡಿ ಭಾರವಾದರೆ ಲಾರಿಯವರೆಲ್ಲ ಏನು ಮಾಡುತ್ತಾರೆ? ಗೇರು ಇಳಿಸಿ, ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಇಂಜಿನ್ನಿಗೆ ಉಸಿರು ಬಿಡಲು ಕೊಟ್ಟು ಮೆಲ್ಲಗೆ ಎಳೆಸುತ್ತಾರೆ. ಇಪ್ಪತ್ತು ವರ್ಷ ಹಾಗೆ ಓಡಿಸಿದ ಕಾಲು ಅದು. ಅದಕ್ಕೆ ಬೇರೆ ಗೊತ್ತಿಲ್ಲ. ನನಗೆ ಇಂಜಿನ್ನಿನ ಸದ್ದಿನಲ್ಲೇ ಗೊತ್ತಾಯಿತು, ಅರ್ಧ ಒತ್ತಿದ ಎಂದು. "ಅಣ್ಣಾ ಪೂರ್ತಿ!" ಎಂದು ಕೂಗಿದೆ. ಆ ದೂರಕ್ಕೆ, ಆ ಸದ್ದಿಗೆ, ಎಲ್ಲಿ ಕೇಳಬೇಕು.

ಗಾಡಿ ನಿಂತಿತು. ಇಂಜಿನ್ ಮಾತ್ರ ಓಡುತ್ತಿತ್ತು. ಅರ್ಬಾಬ್ ಮುಂದೆ ಬಗ್ಗಿ ಏನೋ ಕಿರುಚುತ್ತಿದ್ದರು.

ಪೆಡಲು ಅವನ ಕಾಲನ್ನು ಹಿಂದಕ್ಕೆ ಒದ್ದು ಮಂಡಿಯನ್ನು ಸ್ಟೀರಿಂಗಿಗೆ ಒತ್ತಿ ಹಿಡಿದಿತ್ತು. ನಾನು ಮೇಲೆ ಹತ್ತಿ ಒಳಗೆ ಬಗ್ಗಿದಾಗ ಅವನ ಮುಖ ಬೂದಿಯಾಗಿತ್ತು, ತುಟಿ ಕಚ್ಚಿಕೊಂಡಿದ್ದ. ನಾನು ಇಂಜಿನ್ ಆರಿಸಲು ಕೈ ಚಾಚಿದೆ. "ಬಂದ್ ಮಾಡಬ್ಯಾಡೋ," ಎಂದ, "ಮತ್ತ ಚಾಲೂ ಆಗ್ತೈತೋ ಇಲ್ಲೋ." ಆರಿಸಿದೆ. ನಾಲ್ಕು ಜನ ಸೇರಿ ಅವನನ್ನು ಎತ್ತಿ ಹೊರಗೆ ತೆಗೆದೆವು. ಆ ಹೊತ್ತಿನಲ್ಲಿ ಅವನು ಹಿಡಿದದ್ದು ನನ್ನ ಕಾಲರು.

ಮಂಡಿಯ ಚಿಪ್ಪು ಒಡೆದಿತ್ತು, ಕೆಳಗಿನ ಮೂಳೆಯೂ ಮುರಿದಿತ್ತು. ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ಎಲ್ಲವನ್ನೂ ಅರ್ಬಾಬ್ ನೋಡಿಕೊಂಡರು, ಆ ಮನುಷ್ಯನ ಮೇಲೆ ದೂರು ಹೇಳುವ ಹಾಗಿಲ್ಲ. ಮೂರನೆಯ ದಿನ ಇರಬೇಕು, ಅವರು ನನ್ನನ್ನೂ ಕರೆದುಕೊಂಡು ಅವನನ್ನು ನೋಡಲು ಬಂದರು. ಮಂಚದ ಪಕ್ಕ ನಿಂತು ನನ್ನ ಕಡೆ ತಿರುಗಿ, "ನೀನು ಇವನಿಗೆ ಹೇಳಲಿಲ್ಲವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲು ಅಣ್ಣ ದಿಂಬಿನಿಂದ ತಲೆ ಎತ್ತಿದ. "ಇಸ್ನೆ ಬೋಲಾ ಥಾ, ಅರ್ಬಾಬ್," ಎಂದ. ಇವನು ಹೇಳಿದ್ದ, ನಾನೇ ಕೇಳಲಿಲ್ಲ, ಎಲ್ಲರ ಮುಂದೆ ಇವನ ಮರ್ಯಾದೆ ಬೇರೆ ತೆಗೆದೆ, ತಪ್ಪೆಲ್ಲ ನನ್ನದು... ಹಿಂದಿಯಲ್ಲಿ ಅಷ್ಟನ್ನೂ ಹೇಳಿ ಸುಸ್ತಾಗಿ ಮಲಗಿದ. ಅವನಿಗೆ ಅದೇ ನಿಜ. ನಾನು ಪೂರ್ತಿ ಒತ್ತು ಎಂದಿದ್ದೆ, ಅವನು ನಕ್ಕಿದ್ದ. ನಾನು ನುಂಗಿಕೊಂಡದ್ದು ಅವನಿಗೆ ಎಲ್ಲಿ ಗೊತ್ತು? ಅರ್ಬಾಬ್ ನನ್ನ ಬೆನ್ನು ತಟ್ಟಿದರು. ನಾನು ನೆಲ ನೋಡುತ್ತ ನಿಂತೆ. ಬಿಳಿ ನೆಲ, ಕಪ್ಪು ಚುಕ್ಕೆ...

ಮಂಡಿ ಮತ್ತೆ ಮಡಚಲಿಲ್ಲ. ಲಾರಿಯ ಕ್ಲಚ್ ಒತ್ತಲು ಆಗದ ಡ್ರೈವರಿಗೆ ದುಬೈಯಲ್ಲಿ ಏನು ಕೆಲಸ? ಅರ್ಬಾಬ್ ಗೇಟಿನ ವಾಚ್‌ಮನ್ ಆಗಿ ಇರು ಎಂದರು. ಕೆಲವು ತಿಂಗಳು ಇದ್ದ. ಕುರ್ಚಿಯಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತು, ಹೊಸ ಡ್ರೈವರ್ ರಿಕವರಿ ಗಾಡಿಯನ್ನು ಗೇಟಿನೊಳಗೆ ತಿರುಗಿಸುವಾಗ, "ಕಟ್ ಮಾಡು, ಕಟ್ ಮಾಡು" ಎಂದು ಕೈಯಾಡಿಸುತ್ತಿದ್ದ. ಒಂದು ದಿನ, "ಸಾಕ ತಮ್ಮಾ, ಖಲಾಸ್" ಎಂದು ವೀಸಾ ರದ್ದು ಮಾಡಿಸಿಕೊಂಡ. ನಾನು ಏರ್‌ಪೋರ್ಟಿಗೆ ಹೋಗಿದ್ದೆ. ಹೇಳಬೇಕೆಂದೇ ಹೋಗಿದ್ದೆ. ಅಲ್ಲಿ ಅವನು ಗಾಲಿಕುರ್ಚಿ ತಳ್ಳುವವನ ಹತ್ತಿರ ತಮಾಷೆ ಮಾಡುತ್ತ, "ನೋಡಪಾ, ಮಿಲಿಟ್ರಿಯಾಗ ಗಾಯ ಆದಾಂವ ನಾನು" ಎಂದು ನಕ್ಕ. ನನಗೂ ನಗು ಬಂತು. ಆ ನಗುವಿನಲ್ಲೇ ಹೊತ್ತು ಹೋಯಿತು.

ಆ ಇಂಜಿನ್ ಎದ್ದ ಮೇಲೆ ನನ್ನ ದೆಸೆ ತಿರುಗಿತು. ಅರ್ಬಾಬ್ ನನ್ನನ್ನು ಫೋರ್ಮನ್ ಮಾಡಿದರು. "ಕೆಲಸವೂ ಗೊತ್ತು, ಎಚ್ಚರಿಕೆ ಹೇಳುವ ಬುದ್ಧಿಯೂ ಉಂಟು" ಎಂದು ತಮ್ಮ ಅಣ್ಣತಮ್ಮಂದಿರ ಮುಂದೆ ನನ್ನನ್ನು ಹೊಗಳುವುದನ್ನು ಈ ಕಿವಿಯಲ್ಲಿ ಕೇಳಿದ್ದೇನೆ. ಕೆಲವು ವರ್ಷ ಬಿಟ್ಟು, ಇಲ್ಲಿ ವ್ಯವಹಾರಕ್ಕೆ ಬೇಕಾದ ಸ್ಥಳೀಯರ ಜಾಮೀನಿಗೆ ಅವರೇ ಸಹಿ ಹಾಕಿ, ನಾನು ಸ್ವಂತ ಗ್ಯಾರೇಜು ಹಾಕಿದೆ. ನಾನು ದುಡಿದದ್ದು ಸುಳ್ಳಲ್ಲ. ಬೇಸಿಗೆಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಏಳುವ ಹೊತ್ತಿನಲ್ಲೂ ದುಡಿದಿದ್ದೇನೆ, ಅದನ್ನು ಯಾರ ಮುಂದೆಯೂ ತಲೆಯೆತ್ತಿ ಹೇಳುತ್ತೇನೆ. ಆದರೆ ಮೊದಲ ಮೆಟ್ಟಿಲು ಯಾವುದು ಎಂದು ಯಾರಾದರೂ ಕೇಳಿದಾಗ, ಮಿಲಿಟರಿ ಗಾಡಿಯ ಕಥೆಯನ್ನು ಇಂಜಿನ್ ಚಾಲೂ ಆದಲ್ಲಿಗೆ ನಿಲ್ಲಿಸುತ್ತೇನೆ.

ರಜೆಗೆ ಊರಿಗೆ ಹೋದಾಗಲೆಲ್ಲ ಈ ಸಲ ಬಾಗಲಕೋಟೆಗೆ ಹೋಗಿಬರುವುದು ಎಂದುಕೊಳ್ಳುತ್ತಿದ್ದೆ. ಒಂದು ಸಲ ಉಡುಪಿ ಬಸ್ ಸ್ಟ್ಯಾಂಡಿನವರೆಗೂ ಹೋದೆ, ಬ್ಯಾಗು ಹಿಡಿದು. ಬಸ್ಸು ಬಂತು, ಹತ್ತಲಿಲ್ಲ. ಮನೆಯವಳಿಗೆ ಸ್ಟ್ರೈಕು ಎಂದೆ. ಹಬ್ಬಕ್ಕೆ ಫೋನು ಮಾಡುತ್ತಿದ್ದೆವು. ಅವನು ತನ್ನೂರಿನ ಬಸ್ ನಿಲ್ದಾಣದ ಎದುರು ಸಣ್ಣ ಬೀಡಿ, ಎಲೆಯಡಿಕೆ ಅಂಗಡಿ ಇಟ್ಟುಕೊಂಡಿದ್ದ. "ಕುಂತ ಮಾಡೂ ಕೆಲಸ, ಹವಾಲ್ದಾರಗ ಪೆನ್ಶನ್ ಬಂದಂಗ" ಎನ್ನುತ್ತಿದ್ದ. ಆಮೇಲೆ ಫೋನುಗಳು ದೂರ ದೂರವಾದವು.

ಎರಡು ಸಾವಿರದ ಎಂಟನೇ ಇಸವಿಯ ಸುಮಾರಿಗೆ ಒಂದು ಮಧ್ಯಾಹ್ನ ಗುರುತಿಲ್ಲದ ಇಂಡಿಯಾ ನಂಬರಿನಿಂದ ಫೋನು ಬಂತು. ಹೆಂಗಸಿನ ಸ್ವರ. ರಿಕವರಿ ಅಣ್ಣನ ಹೆಂಡತಿ. ಅಣ್ಣ ಹೋಗಿ ತಿಂಗಳಾಗಿತ್ತು, ಎದೆನೋವಂತೆ. ಆಕೆಯನ್ನು ನಾನು ನೋಡಿದವನಲ್ಲ. ಏನು ಹೇಳಬೇಕೆಂದು ತಿಳಿಯದೆ ಮಕ್ಕಳ ವಿಷಯ ಕೇಳಿದೆ. ಆಕೆ ಹೇಳುತ್ತ ಹೇಳುತ್ತ ನಿಲ್ಲಿಸಿ, "ಅಣ್ಣಾರ, ಒಂದ ಕೇಳೂದಿತ್ರಿ. ಅಲ್ಲಿ ಮಿಲಿಟ್ರಿ ಗಾಡಿ ಹೊಡದೀನಿ ಅಂತ ಅಂಗಡಿಗೆ ಬಂದಾರಿಗೆಲ್ಲ ಹೇಳತಿದ್ರು. ಊರಾಗ ಯಾರೂ ನಂಬತಿರಲಿಲ್ರಿ, ನಗತಿದ್ರು. ಖರೇನ ಹೊಡದಿದ್ರೇನ್ರಿ?" ಎಂದರು.

"ಖರೆ ಅಕ್ಕಾ," ಎಂದೆ. "ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಖಾಕಿ ಅಂಗಿ ಹಾಕಿದ್ದರು. ಒಬ್ಬ ಹಳೇ ಸೋಲ್ಜರ್ ಎದ್ದು ನಿಂತು ಅವರಿಗೆ ಸೆಲ್ಯೂಟ್ ಹೊಡೆದ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಮಕ್ಕಳಿಗೆ ಹೇಳ್ತೀನ್ರಿ" ಎಂದರು. ನಾನು ಗ್ಯಾರೇಜಿನ ಗದ್ದಲದಿಂದ ಹೊರಗೆ ಬಂದು, ಗೋಡೆಯ ನೆರಳಿಗೆ ನಿಂತು, ಗಟ್ಟಿ ಮನಸ್ಸು ಮಾಡಿ, "ಅಕ್ಕಾ, ಆ ದಿನ ಪೆಡಲಿನ ವಿಷಯದಲ್ಲಿ ನಾನು..." ಎಂದು ಶುರು ಮಾಡಿದೆ.

"ಅದನ್ನೆಲ್ಲಾ ಹೇಳ್ಯಾರ್ರಿ," ಎಂದರು ಆಕೆ. "ನೀವು ಹೇಳಿದ್ರಂತ, ಇವರ ಕೇಳಲಿಲ್ಲಂತ. ನನ್ನ ತಮ್ಮ ಹೇಳಿದ್ದ, ನನ್ನ ತಮ್ಮ ಹೇಳಿದ್ದ ಅಂತ ಕಡೀತನಾ ಅಂತಿದ್ರು. ನಿಮ್ಮ ಮ್ಯಾಲೆ ಭಾಳ ಜೀವರಿ ಅವರಿಗೆ."

ನಾನು ಶುರು ಮಾಡಿದ್ದನ್ನು ಅಲ್ಲೇ ಬಿಟ್ಟೆ. ಆ ಸಾಲು ಅವರ ಮನೆಯಲ್ಲಿ ಅಷ್ಟು ವರ್ಷ ಬಾಳಿದೆ. ಅದನ್ನು ಕಿತ್ತು ಕೈಗೆ ಕೊಟ್ಟರೆ ಆಕೆ ಅದನ್ನು ಎಲ್ಲಿಡಬೇಕು? ಹಾಗೆಂದು ಆಗ ಅಂದುಕೊಂಡೆ. ನಿಜವಾಗಿ ಆಕೆಯ ಚಿಂತೆಯೋ ನನ್ನ ಹೆದರಿಕೆಯೋ, ಇವತ್ತಿಗೂ ಬಗೆಹರಿದಿಲ್ಲ.

ಅರ್ಬಾಬರೂ ಈಗ ಇಲ್ಲ. ಆ ಗಾಡಿ ಅವರ ಮಗನ ಮನೆಯ ಅಂಗಳದಲ್ಲಿ ಹಸಿರು ಬಣ್ಣ ಬಳಿದುಕೊಂಡು ನಿಂತಿದೆ, ಇಂಜಿನ್ ಮತ್ತೆ ಕಚ್ಚಿಕೊಂಡು ಕಲ್ಲಾಗಿದೆಯಂತೆ. ಬಂದು ನೋಡು ಎಂದು ಆತ ಎರಡು ಮೂರು ಸಲ ಹೇಳಿಕಳಿಸಿದ. ನಾನು ಹೋಗಿಲ್ಲ. ಇದನ್ನೆಲ್ಲ ಮೊದಲ ಸಲ ಮಗಳಿಗೆ ಹೇಳಿದೆ, ಹೋದ ವಾರ. ಇಲ್ಲೇ ದುಬೈಯ ಊದ್ ಮೇಥಾದ ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಬಟ್ ಪಪ್ಪಾ, ಯೂ ಡಿಡ್ ಟೆಲ್ ಹಿಮ್" ಎಂದಳು. ಇವಳೂ ಅದನ್ನೇ ಹೇಳಿದಳಲ್ಲ ಎಂದು ಎದ್ದು ಬಾಲ್ಕನಿಗೆ ಹೋದೆ. ಪೂರ್ತಿ ಗೊತ್ತಿದ್ದು ಬೈಯಬೇಕಾದವನು ಒಬ್ಬನೇ ಇದ್ದ. ಅವನು ಬದುಕಿದ್ದಾಗ ನಾನು ಬಸ್ಸು ಹತ್ತಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಒಂದು ಗ್ಯಾರೇಜು, ಅದರಲ್ಲಿ ನಾಲ್ಕು ಲಿಫ್ಟು, ಹನ್ನೊಂದು ಜನ ಕೆಲಸದವರು, ಎರಡು ರಿಕವರಿ ಗಾಡಿ. ಊರಿನಲ್ಲಿ ಒಂದು ಮನೆ. ಓದು ಮುಗಿಸಿದ ಒಬ್ಬ ಮಗಳು. ಎರಡು ಮಂಡಿ, ಎರಡೂ ಮಡಚುತ್ತವೆ.